ಷಡ್ಡಕನ ಉಸಿರು

"ನಿಮಗೆ ಯಾರ ಮೇಲಾದ್ರೂ ಹೊಟ್ಟೆಕಿಚ್ಚಿದೆಯಾ?" ಎಂದು ಮುದುಕಿ ಕೇಳಿದಳು.

ವಾದ್ಯ ಕೊಳ್ಳಲು ಬಂದವನಿಗೆ ಕೇಳುವ ಮಾತೇ ಇದು? ಹಲ್ಲು ಮೇಸ್ತ್ರಿ ನಕ್ಕುಬಿಟ್ಟ. ಊರಿನ ಅರ್ಧದಷ್ಟು ಮುದುಕರ ಬಾಯಿಗೆ ಹಲ್ಲಿನ ಸೆಟ್ಟು ಕಟ್ಟಿಕೊಟ್ಟವನು ಅವನು. ಬ್ಯಾಂಡಿನ ಗೆಳೆಯರು ಇಟ್ಟ ಆ ಹೆಸರು ಹಾಗೇ ಉಳಿದುಕೊಂಡಿತ್ತು. ವಯಸ್ಸು ಐವತ್ತರ ಹತ್ತಿರ. ಭಾನುವಾರದ ಹವ್ಯಾಸಿ ಬ್ಯಾಂಡಿನಲ್ಲಿ ಹನ್ನೊಂದು ವರ್ಷದಿಂದ ಆಲ್ಟೋ ಸ್ಯಾಕ್ಸೋಫೋನ್ ಊದುತ್ತಿದ್ದ. ಸಾಲಿನಲ್ಲಿ ಮೂರನೆಯವನು. ಅವನು ಬರದಿದ್ದ ದಿನ ಬ್ಯಾಂಡಿಗೆ ಏನೂ ಕಡಿಮೆಯಾದಂತೆ ಕೇಳುತ್ತಿರಲಿಲ್ಲ. ಇದು ಅವನಿಗೂ ಗೊತ್ತಿತ್ತು.

"ಹೊಟ್ಟೆಕಿಚ್ಚಾ? ನನಗಾ?" ಎಂದ. "ಅಜ್ಜೀ, ದಿನಾ ಜನರ ಬಾಯೊಳಗೆ ಇಣುಕಿ ನೋಡೋನು ನಾನು. ಎಲ್ಲರ ಬಂಡವಾಳವೂ ಗೊತ್ತು. ಯಾರನ್ನ ಕಂಡು ಹೊಟ್ಟೆ ಉರ್ಕೊಳ್ಳಲಿ?"

ವಾದ್ಯಗಳನ್ನು ರಿಪೇರಿ ಮಾಡುವ ಅಂಗಡಿ ಅದು, ಮುದುಕಿ ಅದನ್ನು ಮುಚ್ಚಲು ಹೊರಟಿದ್ದಳು. ಹಿಂದಿನ ಕೋಣೆಯ ಕಿಟಕಿಯ ಗಾಜಿಗೆ ಬಣ್ಣ ಬಳಿದಿದ್ದರು. ಮಧ್ಯಾಹ್ನದ ಹೊತ್ತಿನಲ್ಲೂ ಒಳಗೆ ಮಬ್ಬು. ಎಣ್ಣೆ, ಹಳೆಯ ಚರ್ಮ, ತೇವ ಹಿಡಿದ ಕಂಬಳಿ ಇವುಗಳ ವಾಸನೆ ಕಲೆತು ಗಂಟಲಿಗೆ ಅಂಟಿಕೊಳ್ಳುತ್ತಿತ್ತು. ಮೂಲೆಯಲ್ಲಿ, ಗೋಡೆಗೆ ಬಾಯಿ ಮಾಡಿ, ಬ್ಯಾರಿಟೋನ್ ಸ್ಯಾಕ್ಸೋಫೋನ್ ನಿಂತಿತ್ತು. ಅವನ ಆಲ್ಟೋ ಅದರ ಮುಂದೆ ಆನೆಯ ಪಕ್ಕದ ಕರುವಿನಂತೆ. ಮೇಲುಗಡೆ ಕೊಳವೆ ಹಾವಿನ ಹಾಗೆ ಒಂದು ಸುತ್ತು ಸುತ್ತಿಕೊಂಡು ಕೆಳಗಿಳಿದಿತ್ತು. ಹಿತ್ತಾಳೆ ಮಾಸಿ ಚಹಾದ ಬಣ್ಣಕ್ಕೆ ತಿರುಗಿತ್ತು. ಬ್ಯಾಂಡಿನಲ್ಲಿ ಬ್ಯಾರಿಟೋನಿನ ಕುರ್ಚಿ ಖಾಲಿಯಾಗಿ ನಾಲ್ಕು ತಿಂಗಳಾಗಿತ್ತು. ಹೊಸ ವಾದ್ಯ ಅವನ ಕೈಗೆ ಎಟುಕುವಂಥದಲ್ಲ. ಮೂರು ಶನಿವಾರ ಬಂದು ಇದನ್ನೇ ಕೇಳಿದ್ದ. ಎರಡು ಸಲ ಮುದುಕಿ ಇಲ್ಲ ಎಂದಿದ್ದಳು.

"ಕೂತ್ಕೊಳ್ಳಿ, ಹೇಳ್ತೀನಿ," ಎಂದಳು ಈ ಸಲ. "ಇದು ನಮ್ಮ ದೊಡ್ಡಪ್ಪಂದು. ಅವನೂ ನಮ್ಮಪ್ಪನೂ ಒಂದೇ ಬ್ಯಾಂಡಲ್ಲಿದ್ರು. ಜನ ನಮ್ಮಪ್ಪನ್ನ ಹೊಗಳೋರು. ದೊಡ್ಡಪ್ಪನಿಗೆ ತಡ್ಕೊಳ್ಳೋಕಾಗಲಿಲ್ಲ. ಒಬ್ಬ ಮಾಟಗಾರನ್ನ ಹಿಡಿದ. ಅಪ್ಪನ ತಲೆಕೂದಲು, ಅಪ್ಪ ಬಾಯಿಗಿಟ್ಟು ಊದಿ ಬಿಸಾಡಿದ ರೀಡಿನ ಸೀಳು, ಎರಡನ್ನೂ ಸುಟ್ಟು, ಅರಗಿಗೆ ಕಲಸಿ, ಇದರ ತೂತು ಮುಚ್ಚೋ ಕಟ್ಟಕಡೆಯ ಪ್ಯಾಡಿನ ಕೆಳಗೆ ಮೆತ್ತಿಸಿದ."

"ಆಮೇಲೆ?"

"ಎಪ್ಪತ್ತು ವರ್ಷದ ಹಿಂದಿನ ಮಾತು. ಅಪ್ಪ ಊಟಕ್ಕೆ ಕೂತಿದ್ದ. ಪಕ್ಕದ ಕೋಣೇಲಿ ದೊಡ್ಡಪ್ಪ ಊದೋಕೆ ಶುರು ಮಾಡ್ದ. ಎಂಥಾ ಸ್ವರ ಅಂತೀರಿ. ನಾನು ತುತ್ತು ಹಿಡ್ಕೊಂಡು ಹಾಗೇ ಕೂತುಬಿಟ್ಟೆ. ಆ ಸ್ವರ ಮುಗಿಯೋ ಹೊತ್ತಿಗೆ ಅಪ್ಪನೂ ಮುಗಿದಿದ್ದ."

"ದೊಡ್ಡಪ್ಪ ಏನಾದ್ರು?"

"ಆಮೇಲೂ ಊದಿದ. ಹೊಟ್ಟೆಕಿಚ್ಚು ಪಡೋಕೆ ಊರಲ್ಲಿ ಇನ್ನೂ ಜನ ಇದ್ರಲ್ಲ."

"ನೀವು ಊದಿ ನೋಡಿಲ್ವಾ?"

"ನನಗೊಬ್ಬಳು ಅಕ್ಕ ಇದ್ದಾಳೆ," ಎಂದಳು ಮುದುಕಿ. "ಇನ್ನೂ ಬದುಕಿದ್ದಾಳೆ."

ಅವನಿಗೆ ಮತ್ತೆ ನಗು ಬಂತು. ಅಂಗಡಿ ಮುಚ್ಚುವವಳು ಕೊನೆಯ ಸಾಮಾನಿಗೆ ಕತೆ ಕಟ್ಟುತ್ತಿದ್ದಾಳೆ ಎಂದುಕೊಂಡ. ಅವಳು ಮಾತ್ರ ಅವನ ಕಣ್ಣನ್ನೇ ನೋಡುತ್ತಿದ್ದಳು. "ಮನೇಲಿ ಅಣ್ಣ ತಮ್ಮಂದಿರು, ಷಡ್ಡಕ, ಯಾರೂ ಇಲ್ವಾ?"

"ಒಬ್ಬ ಷಡ್ಡಕ ಇದ್ದಾನೆ. ನಮ್ಮ ಬ್ಯಾಂಡೇ. ಇಬ್ಬರೂ ಅಣ್ಣತಮ್ಮಂದಿರ ಹಾಗಿದೀವಿ."

"ಅಣ್ಣತಮ್ಮಂದಿರ ಹಾಗಾ," ಎಂದಳು ಮುದುಕಿ. ಕಂಬಳಿ ಸುತ್ತಿ, ಹಗ್ಗ ಕಟ್ಟಿ, ಮಗುವನ್ನು ಎತ್ತಿಕೊಟ್ಟ ಹಾಗೆ ಎರಡೂ ಕೈಯಿಂದ ಎತ್ತಿಕೊಟ್ಟಳು. ಆಮೇಲೆ ನಲ್ಲಿಯ ಕೆಳಗೆ ಬಹಳ ಹೊತ್ತು ಕೈ ತೊಳೆದುಕೊಂಡಳು.

ಷಡ್ಡಕನ ವಿಷಯ ಹೇಳಿಬಿಡಬೇಕು. ಮೇಸ್ತ್ರಿಯ ಹೆಂಡತಿಯ ತಂಗಿಯನ್ನು ಮದುವೆಯಾದವನು ಅವನು. ಲಿಫ್ಟ್ ಮೆಕ್ಯಾನಿಕ್. ಎತ್ತರದ ಆಳು, ಅಗಲ ಎದೆ, ತಲೆ ತುಂಬಾ ಬಣ್ಣ ಹಚ್ಚಿದ ಗುಂಗುರು ಕೂದಲು. ಬಾಯಲ್ಲಿ ಸದಾ ಒಂದು ಲವಂಗ. ನಕ್ಕರೆ ಪಕ್ಕದ ಮನೆಗೆ ಕೇಳುವಂಥ ನಗು. ಬ್ಯಾಂಡಿನಲ್ಲಿ ಟೆನರ್ ಸ್ಯಾಕ್ಸೋಫೋನ್ ಊದುತ್ತಿದ್ದ. ಅವನ ಉಸಿರು ಎಷ್ಟು ಉದ್ದವೆಂದರೆ, ಉಳಿದವರು ಮೂರು ಸಲ ಉಸಿರೆಳೆದುಕೊಳ್ಳುವ ಸಾಲನ್ನು ಅವನು ಒಂದೇ ಉಸಿರಿನಲ್ಲಿ ಮುಗಿಸಿ ಕಣ್ಣು ಹೊಡೆಯುತ್ತಿದ್ದ. ಮೇಸ್ತ್ರಿಯೇ ಅವನನ್ನು ಬ್ಯಾಂಡಿಗೆ ಕರೆತಂದಿದ್ದು. ಮೊದಲ ಪಾಠ ಹೇಳಿಕೊಟ್ಟವನೂ ಮೇಸ್ತ್ರಿಯೇ. ಒಂದೂವರೆ ವರ್ಷದಲ್ಲಿ ಷಡ್ಡಕ ಮುಂದಿನ ಸಾಲಿಗೆ ಹೋದ. ಗುರು ಹಿಂದೆಯೇ ಉಳಿದ.

ಅದನ್ನಾದರೂ ಸಹಿಸಬಹುದಿತ್ತು. ಮನೆಯಲ್ಲೂ ಅವನದೇ ಹಾಡು. "ನಮ್ಮ ತಂಗಿ ಗಂಡ ಬಂದ್ರೆ ಮನೆ ತುಂಬಿದ ಹಾಗಿರುತ್ತೆ," ಎನ್ನುವಳು ಹೆಂಡತಿ. ತಾನಿದ್ದರೆ ಮನೆ ಖಾಲಿಯೇ ಎಂದು ಕೇಳಲು ಮೇಸ್ತ್ರಿಗೆ ನಾಲಿಗೆ ತುದಿಗೆ ಬಂದು ನಿಲ್ಲುತ್ತಿತ್ತು. ಇನ್ನು ಅತ್ತೆ. ಅವಳ ಬಾಯಿಗೆ ಸೆಟ್ಟು ಕಟ್ಟಿದವನು ಮೇಸ್ತ್ರಿ. ನಾಲ್ಕು ಸಲ ಉಜ್ಜಿ ತಿದ್ದಿ, ವಸಡಿಗೆ ಎಲ್ಲೂ ತಾಗದ ಹಾಗೆ ಕೂರಿಸಿಕೊಟ್ಟಿದ್ದ. ಆ ಹಲ್ಲುಗಳನ್ನು ಬಿಟ್ಟುಕೊಂಡೇ ಅವಳು ಕಿರಿಯ ಅಳಿಯನ ಗುಣಗಾನ ಮಾಡುತ್ತಿದ್ದಳು. ತಾನು ಒಂದೊಂದಾಗಿ ಮೇಣದಲ್ಲಿ ನಿಲ್ಲಿಸಿದ ಇಪ್ಪತ್ತೆಂಟು ಹಲ್ಲುಗಳು ಬೇರೆಯವನ ಹೊಗಳಿಕೆಯಲ್ಲಿ ಹೊಳೆಯುವುದನ್ನು ಅವನು ಎದುರು ಕೂತು ನೋಡಬೇಕಿತ್ತು. ಹೊಟ್ಟೆಕಿಚ್ಚು ಎಂಬ ಮಾತನ್ನು ಅವನು ಇದಕ್ಕೆ ಯಾವತ್ತೂ ಬಳಸಿರಲಿಲ್ಲ. 'ಬೇಜಾರು' ಎನ್ನುತ್ತಿದ್ದ.

ಬ್ಯಾರಿಟೋನನ್ನು ಮನೆಯ ಹಿಂದಿನ ಕೆಲಸದ ಕೋಣೆಗೆ ತಂದ. ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಸುಣ್ಣದ ಅಚ್ಚುಗಳು: ಊರವರ ಮೇಲ್ದವಡೆ, ಕೆಳದವಡೆ. ಪಟ್ಟಿ ಕೊರಳಿಗೆ ಹಾಕಿಕೊಂಡ. ಭಾರಕ್ಕೆ ಕತ್ತು ಬಾಗಿತು. ಊದಿದ.

ಭುಸ್ ಎಂಬ ಗಾಳಿ, ಅಷ್ಟೇ. ಇನ್ನೊಮ್ಮೆ ಊದಿದ. ಎಮ್ಮೆ ನರಳಿದ ಹಾಗೆ ಒಂದು ಸದ್ದು. ಅರ್ಧ ಗಂಟೆ ಒದ್ದಾಡಿದ. ತಲೆ ಸುತ್ತಿತು. ಅಡುಗೆಮನೆಯಿಂದ ಹೆಂಡತಿಯ ಮಾತು ಕೇಳಿತು, ಫೋನಿನಲ್ಲಿ ತಂಗಿಯ ಜೊತೆ: "ಏನೋ ದೊಡ್ಡದು ತಂದಿದಾರೆ ಕಣೇ. ನಿಮ್ಮನೆಯವರ ಕೈಗೆ ಕೊಟ್ರೆ ಹಾಡಿಸಿಬಿಡ್ತಿದ್ರು."

ಮೇಸ್ತ್ರಿಯ ಎದೆಯಲ್ಲಿ ಬಿಸಿಯಾಗಿ ಏನೋ ಹೊರಳಿತು. ಬಾಯಿಟ್ಟು ಊದಿದ.

ಸ್ವರ ಬಂತು.

ನೆಲದೊಳಗಿನಿಂದ ಬಂದ ಹಾಗೆ ಬಂತು. ದಪ್ಪ, ಕಪ್ಪು, ಜೇನಿನ ಹಾಗೆ ನಿಧಾನ. ಹಲಗೆಯ ಮೇಲಿನ ಸುಣ್ಣದ ದವಡೆಗಳು ಒಂದಕ್ಕೊಂದು ತಾಗಿ ಕಟಕಟ ಎಂದವು. ಉಸಿರು ಮುಗಿಯುವ ಹೊತ್ತು ಬಂತು. ಮುಗಿಯಲಿಲ್ಲ. ಎಲ್ಲಿಂದಲೋ ಇನ್ನೊಂದು ಉಸಿರು ಅದರ ಬೆನ್ನಿಗೆ ಬಂದು ಕೂಡಿಕೊಂಡಿತು. ಸ್ವರ ಹಾಗೇ ನಿಂತಿತು. ಕೋಣೆಯಲ್ಲಿ ಲವಂಗದ ವಾಸನೆ ಎದ್ದಿತು. ಹಲ್ಲಿನ ಕೆಲಸದವರ ಬಳಿ ಲವಂಗದ ಎಣ್ಣೆ ಇದ್ದೇ ಇರುತ್ತದೆ; ಬಾಟಲಿ ಮುಚ್ಚಿದ್ದು ಸರಿಯಾಗಿಲ್ಲವೇನೋ ಎಂದುಕೊಂಡ. ಆಮೇಲೆ ನೋಡಿದರೆ ಮುಚ್ಚಳ ಬಿಗಿಯಾಗಿಯೇ ಇತ್ತು.

ಭಾನುವಾರ ಬ್ಯಾಂಡಿನ ಅಭ್ಯಾಸದಲ್ಲಿ ಅವನು ಊದಿದಾಗ ಎಲ್ಲರೂ ಒಬ್ಬೊಬ್ಬರಾಗಿ ನಿಲ್ಲಿಸಿ ತಿರುಗಿ ನೋಡಿದರು. ಬ್ಯಾಂಡ್ ನಡೆಸುವವರು ನಿವೃತ್ತ ಡ್ರಿಲ್ ಶಿಕ್ಷಕರು, ಎಲ್ಲರ ಬಾಯಲ್ಲಿ ಡ್ರಿಲ್ ಸರ್. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವರು ಮೇಸ್ತ್ರಿಯ ಬೆನ್ನು ತಟ್ಟಿದರು. "ಇಷ್ಟು ದಿನ ಎಲ್ಲಿಟ್ಟಿದ್ರಿ ಇದನ್ನ?" ಎಂದರು. ಮುಂದಿನ ಕಛೇರಿಯಲ್ಲಿ ಷಡ್ಡಕನ ಟೆನರಿಗೆ ಎಂದು ಇಟ್ಟಿದ್ದ ಒಂಟಿ ವಾದನವನ್ನು ಬ್ಯಾರಿಟೋನಿಗೆ ಬರೆದುಕೊಟ್ಟರು.

ಷಡ್ಡಕ ಬೇಸರಪಟ್ಟುಕೊಳ್ಳಲಿಲ್ಲ. ಓಡಿಬಂದು ತಬ್ಬಿಕೊಂಡ. ಕಣ್ಣಲ್ಲಿ ನೀರಿತ್ತು. "ಅಣ್ಣಾ, ನನಗೆ ಗೊತ್ತಿತ್ತು. ನಿಮ್ಮೊಳಗೆ ಇದು ಇದೆ ಅಂತ ಗೊತ್ತಿತ್ತು," ಎಂದ. ಹಾಗೆನ್ನುವಾಗ ನಡುವೆ ಎರಡು ಸಲ ನಿಂತು ಉಸಿರೆಳೆದುಕೊಂಡ. "ಯಾಕೋ ಬೆಳಗ್ಗೆಯಿಂದ ಎದೆ ಹಿಡ್ಕೊಂಡ ಹಾಗಿದೆ. ವಯಸ್ಸಾಯ್ತು."

ಮೇಸ್ತ್ರಿಗೆ ಮುದುಕಿಯ ಮಾತು ನೆನಪಾಯಿತು. ನೆಗಡಿಯಿರಬೇಕು ಎಂದುಕೊಂಡ.

ಎರಡು ವಾರದಲ್ಲಿ ಷಡ್ಡಕನ ಟೆನರ್ ಸಾಲುಗಳು ತುಂಡಾದವು. ಮೂರನೆಯ ವಾರ ಲಿಫ್ಟ್ ರಿಪೇರಿಗೆಂದು ಆರನೇ ಮಹಡಿಗೆ ಹತ್ತುತ್ತಿದ್ದವನು ಎರಡನೇ ಮಹಡಿಯಲ್ಲಿ ಕೂತುಬಿಟ್ಟನಂತೆ. ಎಕ್ಸ್‌ರೇ ತೆಗೆಸಿದರು, ರಕ್ತ ನೋಡಿಸಿದರು. ಎಲ್ಲ ಸರಿಯಾಗಿದೆ ಎಂದರು ಡಾಕ್ಟರು. ಎಲ್ಲ ಸರಿಯಾಗಿದ್ದವನು ದಿನೇ ದಿನೇ ಸೊರಗಿದ. ಆ ನಗು ಹೋಯಿತು. ನಕ್ಕರೆ ಕೆಮ್ಮು, ಕೆಮ್ಮಿದರೆ ತುಟಿ ನೀಲಿ. ಕೊನೆಗೆ ಆಸ್ಪತ್ರೆಗೆ ಸೇರಿಸಿದರು.

ಮೇಸ್ತ್ರಿ ದಿನಾ ಊದಿದ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ ಊದಿದ. ಊದುವ ಮೊದಲು ಷಡ್ಡಕನನ್ನು ನೆನೆಯಬೇಕು ಎಂಬುದು ಅವನ ತುಟಿಗೆ ತಾನಾಗಿಯೇ ಗೊತ್ತಾಗಿತ್ತು. ಅವನ ಮದುವೆಯ ದಿನ, ಅತ್ತೆಯ ಮಾತು, ಮುಂದಿನ ಸಾಲಿನ ಆ ಕುರ್ಚಿ... ಒಂದೊಂದನ್ನೂ ಹೆಕ್ಕಿ ತೆಗೆದರೆ ಸ್ವರ ಒಂದೊಂದು ಮೆಟ್ಟಿಲು ಇಳಿದು ಇನ್ನಷ್ಟು ಆಳಕ್ಕೆ ಹೋಗುತ್ತಿತ್ತು. ಒಂದು ಸಂಜೆ ಕೊಳವೆಯಲ್ಲಿ ಕೂತ ನೀರನ್ನು ಬಟ್ಟಲಿಗೆ ಬಿಟ್ಟ. ಊದುವವನ ಉಸಿರಿನ ತೇವ ಅದು, ವಾಸನೆಯಿರುವುದಿಲ್ಲ. ಇದು ಬೆಚ್ಚಗಿತ್ತು. ಲವಂಗದ ವಾಸನೆಯಿತ್ತು.

ಮೇಸ್ತ್ರಿ ಲವಂಗ ಅಗಿಯುವವನಲ್ಲ.

ಬಾಗಿಲ ಚಿಲಕ ಹಾಕಿದ. ಬ್ಯಾರಿಟೋನನ್ನು ಮೇಜಿನ ಮೇಲೆ ಮಲಗಿಸಿದ. ಸ್ಪಿರಿಟ್ ದೀಪ ಹಚ್ಚಿ, ಮೇಣ ಕೆತ್ತುವ ಚೂಪು ಕಡ್ಡಿಯನ್ನು ಬಿಸಿ ಮಾಡಿ, ಕಟ್ಟಕಡೆಯ ಪ್ಯಾಡನ್ನು ಎತ್ತಿದ. ಅದರ ಕೆಳಗೆ ಹಳೆಯ ಅರಗು, ಕಪ್ಪಗೆ, ಹೆಪ್ಪುಗಟ್ಟಿದ ರಕ್ತದ ಹಾಗೆ. ಬೂದಿ ಇರಬಹುದೆಂದು ಕೆದಕಿದ. ಬೂದಿಯಲ್ಲ. ಕೂದಲು. ಸಣ್ಣ ಸುರುಳಿಯಾಗಿ ಸುತ್ತಿಟ್ಟ ಗುಂಗುರು ಕೂದಲು. ಬುಡ ಬೆಳ್ಳಗೆ, ತುದಿ ಕಪ್ಪು. ಎಪ್ಪತ್ತು ವರ್ಷದ ಹಿಂದೆ ಸತ್ತ ಮುದುಕಿಯ ಅಪ್ಪನದಲ್ಲ ಅದು. ಹೋದ ತಿಂಗಳಷ್ಟೇ ತಲೆಗೆ ಬಣ್ಣ ಹಚ್ಚಿಕೊಂಡವನದು.

ಎಲ್ಲವನ್ನೂ ಕೆರೆದು ತೆಗೆದು ದೀಪಕ್ಕೆ ಹಿಡಿದ. ಚಟಚಟ ಎಂದು ಸುಟ್ಟಿತು. ವಾಸನೆ ಮೂಗಿಗೆ ಅಡರಿತು. ಹೊಸ ಅರಗು ಕರಗಿಸಿ ಪ್ಯಾಡನ್ನು ಮತ್ತೆ ಕೂರಿಸಿದ. ಮರುದಿನ ತೆಗೆದು ನೋಡಿದ.

ಕೂದಲು ಅಲ್ಲೇ ಇತ್ತು. ಮೊದಲಿಗಿಂತ ಸ್ವಲ್ಪ ಜಾಸ್ತಿಯೇ ಇತ್ತು.

ಅಂಗಡಿಗೆ ಹೋದ. ಬಾಗಿಲಿಗೆ ಬೀಗ. ಹೆಸರಿನ ಹಲಗೆಯನ್ನು ಆಗಲೇ ಇಳಿಸಿದ್ದರು. ಪಕ್ಕದ ಟೈಲರ್ ತಲೆ ಎತ್ತದೆಯೇ, "ಅಜ್ಜಿ ಅವರಕ್ಕನ ಮನೆಗೆ ಹೋದ್ರು. ಎಲ್ಲಿ ಅಂತ ಗೊತ್ತಿಲ್ಲ," ಎಂದ.

ಇನ್ನು ಊದುವುದಿಲ್ಲ ಎಂದು ಮೇಸ್ತ್ರಿ ತೀರ್ಮಾನಿಸಿದ. ಕಂಬಳಿ ಸುತ್ತಿ ಗೋಡೆಗೆ ತಿರುಗಿಸಿ ನಿಲ್ಲಿಸಿದ. ಐದು ದಿನ ಮುಟ್ಟಲಿಲ್ಲ. ಷಡ್ಡಕನಿಗೆ ಸ್ವಲ್ಪ ಹಗುರಾಯಿತು, ಎದ್ದು ಕೂತ, ಎರಡು ತುತ್ತು ತಿಂದ ಎಂಬ ಸುದ್ದಿ ಬಂತು. ಮೇಸ್ತ್ರಿಗೆ ಕಣ್ಣಲ್ಲಿ ನೀರು ಬಂತು. ತಾನು ಕೆಟ್ಟವನಲ್ಲ ಎಂದುಕೊಂಡ. ಆರನೆಯ ದಿನ ಆಸ್ಪತ್ರೆಗೆ ನೋಡಲು ಹೋದ.

ಕಛೇರಿಗೆ ಎರಡೇ ದಿನ ಉಳಿದಿತ್ತು. ಹಾಸಿಗೆಯ ಸುತ್ತ ಬ್ಯಾಂಡಿನ ಅರ್ಧ ಜನ. ಡ್ರಿಲ್ ಸರ್ ಹಣ್ಣು ಹೆಚ್ಚುತ್ತಿದ್ದರು. ಅತ್ತೆ ತಲೆ ಸವರುತ್ತಿದ್ದಳು. ಮೇಸ್ತ್ರಿಯ ಹೆಂಡತಿ ಷಡ್ಡಕನ ಕಾಲ ಬಳಿ ಕೂತು ಅಳುತ್ತಿದ್ದಳು. ಮೇಸ್ತ್ರಿ ಬಂದದ್ದನ್ನು ಯಾರೂ ಗಮನಿಸಲಿಲ್ಲ. ನಾದಿನಿಯೊಬ್ಬಳೇ, "ಭಾವ, ಆ ಕಡೆಯಿಂದ ಒಂದು ಕುರ್ಚಿ ಎಳ್ಕೊಳ್ಳಿ," ಎಂದಳು.

"ಅಣ್ಣಾ," ಎಂದ ಷಡ್ಡಕ, ಮೂಗಿನ ನಳಿಕೆ ಸರಿಸಿ. "ನನಗೋಸ್ಕರ ಕಛೇರಿ ಮುಂದಕ್ಕೆ ಹಾಕಬಾರದು. ನೀವು ಊದಬೇಕು. ನಿಮ್ಮದನ್ನ ಜನ ಕೇಳಬೇಕು."

ಆ ಔದಾರ್ಯವೇ ಮುಳ್ಳಿನಂತೆ ಚುಚ್ಚಿತು. ಹಾಸಿಗೆ ಹಿಡಿದಾಗಲೂ ಇವನೇ ದೊಡ್ಡವನು. ಮೇಸ್ತ್ರಿ ಕುರ್ಚಿ ಎಳೆದುಕೊಳ್ಳಲಿಲ್ಲ. ನಿಂತೇ ಇದ್ದು ಮನೆಗೆ ಬಂದ.

ಶನಿವಾರ ಮಧ್ಯಾಹ್ನ ಶಾಲೆಯೊಂದರ ಸಭಾಂಗಣದಲ್ಲಿ ಕಛೇರಿ. ಆಸ್ಪತ್ರೆ ಅಲ್ಲಿಂದ ಮೂರು ಬೀದಿ ಆಚೆ. ಆಲ್ಟೋ ಊದಿಬಿಡುತ್ತೇನೆ, ಬ್ಯಾರಿಟೋನ್ ಕೆಟ್ಟಿದೆ ಎಂದು ಹೇಳುತ್ತೇನೆ ಎಂದು ಮೇಸ್ತ್ರಿ ದಾರಿಯುದ್ದಕ್ಕೂ ಅಂದುಕೊಂಡ. ಆದರೆ ಆಟೋದಲ್ಲಿ ಎರಡನ್ನೂ ಹಾಕಿಕೊಂಡು ಬಂದಿದ್ದ. ಯಾಕೆ ಎರಡನ್ನೂ ತಂದೆ ಎಂದು ತನ್ನನ್ನು ತಾನು ಕೇಳಿಕೊಳ್ಳಲಿಲ್ಲ.

ಪರದೆ ಸರಿಯಿತು. ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಬಿಟ್ಟಿದ್ದರು. ವೇದಿಕೆಯ ದೀಪ ಬಿಟ್ಟರೆ ಸಭಾಂಗಣ ಗವಿಯಂತಿತ್ತು. ಮುಂದಿನ ಸಾಲಿನ ನಡುವೆ ಒಂದು ಕುರ್ಚಿ ಖಾಲಿ. ಅದರ ಮೇಲೆ ಷಡ್ಡಕನ ಟೆನರನ್ನು ಮಲಗಿಸಿದ್ದರು. ಡ್ರಿಲ್ ಸರ್ ಮೈಕಿನ ಮುಂದೆ ಬಂದು, "ಇವತ್ತಿನ ಸಂಗೀತ ಈ ಕುರ್ಚಿಯವನಿಗೆ," ಎಂದರು. ಟೆನರನ್ನು ಒಮ್ಮೆ ಮುಟ್ಟಿ ಪಕ್ಕಕ್ಕೆ ಸರಿದರು.

ಸಭೆ ಎದ್ದು ನಿಂತಿತು. ಚಪ್ಪಾಳೆ ಮಳೆಯ ಹಾಗೆ ಶುರುವಾಗಿ ನಿಲ್ಲದೆ ಹೊಯ್ಯಿತು. ಎದುರಿನ ಸಾಲಿನಲ್ಲಿ ಹೆಂಡತಿಯೂ ನಿಂತಿದ್ದಳು, ಎರಡೂ ಕೈ ಎತ್ತಿ ತಟ್ಟುತ್ತಿದ್ದಳು.

ಖಾಲಿ ಕುರ್ಚಿಗೆ. ಹನ್ನೊಂದು ವರ್ಷದಲ್ಲಿ ತಾನು ಕೂತ ಕುರ್ಚಿಗೆ ಸಿಗದದ್ದು ಅವನಿಲ್ಲದ ಕುರ್ಚಿಗೆ ಸಿಕ್ಕಿತು.

ಮೇಸ್ತ್ರಿ ಬಗ್ಗಿ ಕಂಬಳಿಯ ಹಗ್ಗ ಬಿಚ್ಚಿದ.

ಒಂಟಿ ವಾದನದ ಸರದಿ ಬಂದಾಗ ಎದ್ದು ನಿಂತು ಊದಿದ. ಅಂಥ ಸ್ವರವನ್ನು ಆ ಸಭಾಂಗಣ ಕೇಳಿರಲಿಲ್ಲ. ಬ್ಯಾಂಡು ತಾನಾಗಿಯೇ ನಿಂತುಹೋಯಿತು. ಡ್ರಿಲ್ ಸರ್ ಕೈ ಇಳಿಸಿಬಿಟ್ಟರು. ಕತ್ತಲಲ್ಲಿ ಯಾರೋ ಬಿಕ್ಕಿದರು. ಮೇಸ್ತ್ರಿಯ ಎದೆ ಕಮ್ಮಾರನ ತಿದಿಯಂತೆ ಏರಿತು, ಇಳಿಯಲಿಲ್ಲ, ಇನ್ನೂ ಏರಿತು. ಈ ಸುಖ ಅವನಿಗೆ ಗೊತ್ತಿರಲಿಲ್ಲ. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ. ಎಲ್ಲರೂ. ತನ್ನೊಬ್ಬನನ್ನೇ.

ಆಗ ಹೆಂಡತಿಯ ಮಡಿಲಲ್ಲಿ ಫೋನು ಬೆಳಗಿತು. ಆ ನೀಲಿ ಬೆಳಕಿನಲ್ಲಿ ಅವಳ ಮುಖ ಕಂಡಿತು. ಫೋನನ್ನು ಕಿವಿಗಿಟ್ಟಳು. ಬಾಯಿ ತೆರೆಯಿತು. ಮುಚ್ಚಲಿಲ್ಲ. ಎದ್ದು ಬಾಗಿಲ ಕಡೆ ಓಡಿದಳು.

ಮೇಸ್ತ್ರಿ ನಿಲ್ಲಿಸಲು ನೋಡಿದ.

ನಿಲ್ಲಲಿಲ್ಲ.

ತುಟಿ ಬಿಡಿಸಲು ನೋಡಿದ. ಮಂಜುಗಡ್ಡೆಗೆ ನಾಲಿಗೆ ಅಂಟಿದ ಹಾಗೆ ಅಂಟಿತ್ತು. ಹಲ್ಲು ಕಚ್ಚಿಕೊಂಡಿತ್ತು. ಬೆರಳುಗಳು ತಮ್ಮಷ್ಟಕ್ಕೆ ಓಡುತ್ತಿದ್ದವು. ಅವು ಅವನ ಬೆರಳುಗಳಾಗಿರಲಿಲ್ಲ. ಲವಂಗದ ವಾಸನೆ ಮೂಗು, ಬಾಯಿ, ತಲೆಯೊಳಗೆಲ್ಲ ತುಂಬಿತು. ಕೊಳವೆಯೊಳಗೆ ಏನೋ ಮಿಡಿಯುತ್ತಿತ್ತು. ಡಬ್. ಡಬ್. ನಿಧಾನವಾಗುತ್ತಿತ್ತು. ಇನ್ನೂ ನಿಧಾನ. ಷಡ್ಡಕನ ಮೇಲೆ ಹೊಟ್ಟೆಕಿಚ್ಚಿಲ್ಲ, ಇಲ್ಲ, ಇಲ್ಲ ಎಂದು ಮನಸ್ಸಿನಲ್ಲೇ ಕೂಗಿದ. ಇತ್ತು. ಈಗಲೂ ಇತ್ತು. ಬುಡದಲ್ಲಿ, ಬೂದಿಯೊಳಗಿನ ಕೆಂಡದ ಹಾಗೆ. ಊದಿದಷ್ಟೂ ಉರಿಯುತ್ತಿತ್ತು.

ಡಬ್.

ಮುಂದಿನದು ಬರಲಿಲ್ಲ.

ಕೈ ಅವನದಲ್ಲ. ಬಾಯಿ ಅವನದಲ್ಲ. ಕಾಲು ಮಾತ್ರ ಅವನ ಮಾತು ಕೇಳಿತು. ಒಂದು ಹೆಜ್ಜೆ. ಇನ್ನೊಂದು. ಡ್ರಿಲ್ ಸರ್ ಏನೋ ಕೂಗಿದರು. ವೇದಿಕೆಯ ಅಂಚು. ಕೆಳಗೆ ಕತ್ತಲು. ಮೇಸ್ತ್ರಿ ಹೆಜ್ಜೆಯನ್ನು ಗಾಳಿಗಿಟ್ಟ. ಮುಖ ಅಡಿಯಾಗಿ, ವಾದ್ಯದ ಮೇಲೇ ಬಿದ್ದ.

ಒಂದು ಸದ್ದು, ಹಸಿ ಕಡ್ಡಿಗಳ ಕಟ್ಟನ್ನು ಮುರಿದ ಹಾಗೆ. ಸ್ವರ ನಿಂತಿತು.

ಮೇಲಿನ ಆರು ಹಲ್ಲು, ಕೆಳಗಿನ ನಾಲ್ಕು ಹೋದವು. ಮೇಲ್ದುಟಿ ಎರಡು ಸೀಳು. ಹೊಲಿದರು, ಆದರೆ ನರ ಕಡಿದುಹೋಗಿತ್ತು. ನೀರು ಕುಡಿದರೆ ಗಲ್ಲದ ಮೇಲೆ ಸೋರಿದ್ದು ಗೊತ್ತಾಗುವುದಿಲ್ಲ. ಸೀಟಿ ಹೊಡೆಯಲೂ ಆಗುವುದಿಲ್ಲ, ವಾದ್ಯದ ಮಾತು ದೂರವೇ ಉಳಿಯಿತು. ಅದೇ ಆಸ್ಪತ್ರೆಯಲ್ಲಿ ಅವನು ಮಲಗಿದ್ದಾಗ ನಾದಿನಿ ಬಂದು ಹೇಳಿದಳು: ಅವತ್ತು ಮಧ್ಯಾಹ್ನ ಗಂಡನ ಉಸಿರು ನಿಂತೇಹೋಗಿತ್ತಂತೆ. ಡಾಕ್ಟರು ಕೈಚೆಲ್ಲಿ ಗಡಿಯಾರ ನೋಡಿದ್ದರಂತೆ. ಅಷ್ಟರಲ್ಲಿ, ನೀರಿನಿಂದ ಮೇಲೆದ್ದವನ ಹಾಗೆ, ಒಂದು ದೊಡ್ಡ ಉಸಿರು ಎಳೆದುಕೊಂಡನಂತೆ. "ಯಾವ ದೇವರು ಕಣ್ಣು ಬಿಟ್ಟನೋ ಭಾವ," ಎಂದಳು.

ಮೇಸ್ತ್ರಿ ಮಾತಾಡುವಂತಾದ ದಿನ ಹೆಂಡತಿಯ ಮುಂದೆ ಎಲ್ಲವನ್ನೂ ಹೇಳಿದ. ಮುದುಕಿ, ಕೂದಲು, ಲವಂಗ, ಎಲ್ಲ. ಮಾಟವನ್ನು ಅವಳು ನಂಬಲಿಲ್ಲ. ಹೊಟ್ಟೆಕಿಚ್ಚನ್ನು ಮಾತ್ರ ತಕ್ಷಣ ನಂಬಿದಳು. "ಅಷ್ಟೊಂದಿತ್ತಾ ನಿಮಗೆ?" ಎಂದಳು. ಆಮೇಲೆ ಅವನಿಗೆ ಬಡಿಸುವಾಗ ಕಣ್ಣೆತ್ತಿ ನೋಡುವುದನ್ನು ಬಿಟ್ಟಳು.

ತನ್ನ ಬಾಯಿಯ ಅಚ್ಚನ್ನು ತಾನೇ ತೆಗೆದುಕೊಂಡು, ತನ್ನ ಸೆಟ್ಟನ್ನು ತಾನೇ ಕಟ್ಟಿಕೊಂಡ. ನಲವತ್ತು ವರ್ಷದ ಹಲ್ಲುಗಳ ಜಾಗಕ್ಕೆ ಪೆಟ್ಟಿಗೆಯಿಂದ ಒಂದೊಂದಾಗಿ ಬಣ್ಣ ಹೊಂದಿಸಿ ಹೆಕ್ಕುವಾಗ ಅಳು ಬರಲಿಲ್ಲ. ಕೆಲಸ ಚೆನ್ನಾಗಿಯೇ ಬಂತು. ಬ್ಯಾರಿಟೋನ್ ಏನಾಯಿತೆಂದು ಯಾರನ್ನೂ ಕೇಳಲಿಲ್ಲ. ಗುಜರಿಗೆ ಹೋಗಿರಬೇಕು, ಹೋಗಲಿ ಎಂದುಕೊಂಡಿದ್ದ.

ಮೂರು ತಿಂಗಳ ಮೇಲೆ, ಒಂದು ಮಧ್ಯಾಹ್ನ, ಷಡ್ಡಕನ ಮನೆಯಲ್ಲಿ ಊಟಕ್ಕೆ ಕರೆದಿದ್ದರು. ಅತ್ತೆಯೂ ಡ್ರಿಲ್ ಸರ್ ಕೂಡ ಬಂದಿದ್ದರು. ಷಡ್ಡಕ ಮೊದಲಿನಂತಾಗಿದ್ದ. ಅದೇ ಎದೆ, ಅದೇ ನಗು. ಒಳಗೆ ಹೋಗಿ ಏನನ್ನೋ ಎತ್ತಿಕೊಂಡು ಬಂದ.

ಮೇಸ್ತ್ರಿಯ ಕೈಯಿಂದ ಲೋಟ ಜಾರಿತು.

"ಅಣ್ಣಾ, ನಿಮಗೆ ಹೇಳದೇ ರಿಪೇರಿ ಮಾಡಿಸ್ದೆ," ಎಂದ ಷಡ್ಡಕ, ಬ್ಯಾರಿಟೋನಿನ ಪಟ್ಟಿ ಕೊರಳಿಗೆ ಹಾಕಿಕೊಳ್ಳುತ್ತಾ. "ಬಗ್ಗಿದ್ದನ್ನೆಲ್ಲ ನೆಟ್ಟಗೆ ಮಾಡಿದಾರೆ. ನೀವು ಅವತ್ತು ಊದಿದ್ದನ್ನ ನಾನು ಕೇಳೋಕಾಗಲಿಲ್ಲ. ಎಲ್ಲರೂ ಹೇಳಿದ್ರು. ಅದೇ ಸ್ವರಾನ ನಿಮಗೆ ಕೇಳಿಸೋಣ ಅಂತ ಕಲಿತಿದೀನಿ."

"ಬೇಡ," ಎಂದ ಮೇಸ್ತ್ರಿ. ಹೊಸ ಹಲ್ಲಿನ ನಡುವೆ ಆ ಮಾತು ಗಾಳಿಯಾಗಿ ಹೋಯಿತು. "ಬೇಡ ಕಣೋ. ಊದಬೇಡ."

"ಸುಮ್ನೆ ಕೂತ್ಕೊಳ್ಳಿ ಅಣ್ಣ. ನಾಚಿಕೆ ಯಾಕೆ," ಎಂದು ನಕ್ಕು ಷಡ್ಡಕ ಬಾಯಿಟ್ಟು ಊದಿದ.

ಮೇಸ್ತ್ರಿ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದ. ಯಾರದು? ಯಾರ ಉಸಿರು? ಅತ್ತೆಯನ್ನು ನೋಡಿದ. ತಲೆದೂಗುತ್ತಿದ್ದಳು. ನಾದಿನಿಯನ್ನು ನೋಡಿದ. ಬಾಗಿಲಿಗೊರಗಿ ನಗುತ್ತಿದ್ದಳು. ಹೆಂಡತಿ? ಕಣ್ಣೊರೆಸಿಕೊಳ್ಳುತ್ತಿದ್ದಳು, ಉಸಿರು ಸರಿಯಾಗಿತ್ತು. ಡ್ರಿಲ್ ಸರ್ ಬೆರಳಲ್ಲಿ ತಾಳ ಹಾಕುತ್ತಿದ್ದರು. ಅವರಾರೂ ಅಲ್ಲದಿದ್ದರೆ ಬ್ಯಾಂಡಿನವರಲ್ಲಿ ಯಾರೋ? ಅಥವಾ...

ಅವನ ಬೆನ್ನು ನೆಟ್ಟಗಾಯಿತು. ಅಥವಾ ತಾನು.

ಸ್ವರ ದೊಡ್ಡದೇನಲ್ಲ. ಒಬ್ಬ ಮನುಷ್ಯನ ಉಸಿರು ಎಷ್ಟು ಬರುತ್ತದೋ ಅಷ್ಟು. ನಡುನಡುವೆ ತಪ್ಪುತ್ತಿತ್ತು. ತಪ್ಪಿದಾಗ ಷಡ್ಡಕ ಹುಬ್ಬು ಹಾರಿಸಿ ನಗುತ್ತಿದ್ದ, ಮತ್ತೆ ಶುರುಮಾಡುತ್ತಿದ್ದ. ಸಾಲಿನ ತುದಿಯಲ್ಲಿ ಎಲ್ಲರಂತೆ ನಿಂತು ಗಾಳಿ ಎಳೆದುಕೊಳ್ಳುತ್ತಿದ್ದ. ಎಲ್ಲಿಂದಲೂ ಇನ್ನೊಂದು ಉಸಿರು ಬಂದು ಕೂಡಿಕೊಳ್ಳಲಿಲ್ಲ. ಲವಂಗದ ವಾಸನೆಯಿತ್ತು, ಅದು ಅವನ ಬಾಯಿಯದೇ.

ಹಾಡು ಅರ್ಧಕ್ಕೆ ಬಂತು. ಯಾರಿಗೂ ಏನೂ ಆಗಲಿಲ್ಲ.

ಆಗ ಮೇಸ್ತ್ರಿಗೆ ಅರ್ಥವಾಯಿತು. ಈ ಮನುಷ್ಯನಿಗೆ ಯಾರ ಮೇಲೂ ಹೊಟ್ಟೆಕಿಚ್ಚಿಲ್ಲ. ಒಬ್ಬರ ಮೇಲೂ ಇಲ್ಲ. ತನಗೆ ಪಾಠ ಹೇಳಿಕೊಟ್ಟವನ ಮೇಲೆ, ತನ್ನ ಒಂಟಿ ವಾದನವನ್ನು ಕಸಿದುಕೊಂಡವನ ಮೇಲೆ, ಸಭಾಂಗಣವೆಲ್ಲ ಉಸಿರು ಬಿಗಿಹಿಡಿದು ಕೇಳುವ ಹಾಗೆ ಊದಿದವನ ಮೇಲೂ ಇಲ್ಲ. ಇಷ್ಟು ವರ್ಷದಲ್ಲಿ ಒಂದು ದಿನ, ಒಂದು ಗಳಿಗೆ, ಸಾಸಿವೆ ಕಾಳಿನಷ್ಟಾದರೂ ತನ್ನನ್ನು ಕಂಡು ಅವನ ಹೊಟ್ಟೆ ಉರಿದಿರಲಿಲ್ಲ.

ಮೇಸ್ತ್ರಿ ಎದೆಯ ಮೇಲೆ ಕೈಯಿಟ್ಟುಕೊಂಡ. ಕಣ್ಣು ಮುಚ್ಚಿದ. ಒಂದೇ ಒಂದು ಸಲ ಬಿಗಿಯಲಿ ಎಂದು ಬೇಡಿಕೊಂಡ. ಒಂದು ಉಸಿರು ತಪ್ಪಲಿ, ಗಂಟಲು ಸ್ವಲ್ಪ ಕಟ್ಟಲಿ, ಅಷ್ಟು ಸಾಕು. ಕಿವಿಗೊಟ್ಟು ಕಾದ. ಷಡ್ಡಕ ಕೊನೆಯ ಸಾಲಿಗೆ ಇಳಿದ, ಆಳಕ್ಕೆ, ಕಟ್ಟಕಡೆಯ ಸ್ವರಕ್ಕೆ.

ಮೇಸ್ತ್ರಿಯ ಕೈಯ ಕೆಳಗೆ ಎದೆ ಏರಿತು. ಇಳಿಯಿತು. ಮತ್ತೆ ಏರಿತು. ಎಲ್ಲೂ ಒಂದಿಷ್ಟೂ ತಡೆಯಿಲ್ಲದೆ, ಬಲು ಸಲೀಸಾಗಿ.